ಸಮಾಜದ ಬದಲಾವಣೆಗೆ ವಿನ್ಯಾಸಕರು ದಾರಿ ತೋರಬೇಕೆ? ಆ ಅಧಿಕಾರ ಅವರಿಗೆ ಬಂದದ್ದು ಎಲ್ಲಿಂದ?

ಬಿಳಿಹಾಳೆ (ಚರ್ಚೆಯ ಆರಂಭ; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು)

ಹನ್ನೊಂದು ವರ್ಷಗಳಿಂದ ವಿನ್ಯಾಸದ ಕೆಲಸ ಮಾಡಿಕೊಂಡು ಬಂದಿದ್ದೇನೆ. ಮೊದಲ ಕೆಲವು ವರ್ಷ ಪುಸ್ತಕಗಳ ಪುಟಗಳನ್ನು ರೂಪಿಸುತ್ತಿದ್ದವಳು, ಆಮೇಲೆ ಸಾರ್ವಜನಿಕ ಸೇವೆಗಳ ಅರ್ಜಿ ನಮೂನೆ, ಸೂಚನಾ ಫಲಕ ಮತ್ತು ಜಾಲತಾಣಗಳ ಕಡೆಗೆ ಹೊರಳಿದೆ. ಸಮಾಜದ ಬದಲಾವಣೆಗೆ ವಿನ್ಯಾಸಕರು ದಾರಿ ತೋರಬೇಕು ಎಂಬ ಮಾತು ನಮ್ಮ ವೃತ್ತಿಯ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತದೆ. ನಾನೂ ಅದನ್ನು ನಂಬಿದ್ದೆ. ಈಗ ಆ ಮಾತು ಕೇಳಿದಾಗ ಮನಸ್ಸು ಅಳುಕುತ್ತದೆ. ಹಾಗಾಗಲು ಕಾರಣವಾದ ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇನೆ.

ಒಂದು ಕಚೇರಿಗಾಗಿ ನೆರವಿನ ಅರ್ಜಿಯೊಂದನ್ನು ಹೊಸದಾಗಿ ರೂಪಿಸಿಕೊಟ್ಟೆ. ಹಳೆಯದು ಆರು ಪುಟಗಳಷ್ಟಿತ್ತು. ಎರಡು ಪುಟಕ್ಕೆ ಇಳಿಸಿದೆ. ಅರ್ಜಿ ಯಾವ ಹಂತದಲ್ಲಿದೆ ಎಂಬುದನ್ನು ಸಂದೇಶ ಕಳುಹಿಸಿ ತಿಳಿಸಬಹುದಲ್ಲ ಎಂದು ಮೊಬೈಲ್ ಸಂಖ್ಯೆಯ ಕಲಮನ್ನು ಕಡ್ಡಾಯ ಮಾಡಿದೆ. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಎಂಟು ತಿಂಗಳ ನಂತರ ಬೇರೊಂದು ಕೆಲಸಕ್ಕೆಂದು ಅದೇ ಕಚೇರಿಗೆ ಹೋದಾಗ ಅಲ್ಲಿನ ಗುಮಾಸ್ತರೊಬ್ಬರು ವಿಷಯ ತಿಳಿಸಿದರು. ಸ್ವಂತ ಫೋನ್ ಇಲ್ಲದ ವೃದ್ಧೆಯರು ನೆರೆಮನೆಯವರ ಸಂಖ್ಯೆಯನ್ನು ಬರೆಸುತ್ತಿದ್ದರಂತೆ. ಒಂದೇ ಸಂಖ್ಯೆಯಿಂದ ಎರಡನೆಯ ಅರ್ಜಿ ಬಂದರೆ ಗಣಕ ವ್ಯವಸ್ಥೆ ಅದನ್ನು ನಕಲಿ ಎಂದು ತಿಳಿದು ತಿರಸ್ಕರಿಸುತ್ತಿತ್ತಂತೆ. ತಿರಸ್ಕರಿಸಿದ ಸಂದೇಶವೂ ನೆರೆಮನೆಯವರ ಫೋನಿಗೇ ಹೋಗುತ್ತಿತ್ತು. ಯಾರಿಗೆ ನೆರವು ಸಿಗಬೇಕು, ಯಾರಿಗೆ ಸಿಗಬಾರದು ಎಂಬುದನ್ನು ನಿರ್ಧರಿಸುವ ಹಕ್ಕನ್ನು ಯಾವ ಕಾನೂನೂ ನನಗೆ ಕೊಟ್ಟಿರಲಿಲ್ಲ. ಆದರೂ ಒಂದು ಕಲಮಿನ ಪಕ್ಕದಲ್ಲಿ ಕಡ್ಡಾಯವೆಂದು ಸೂಚಿಸುವ ಒಂದು ನಕ್ಷತ್ರ ಚಿಹ್ನೆ ಇಟ್ಟು ನಾನು ಅದನ್ನು ನಿರ್ಧರಿಸಿದ್ದೆ.

ಸದುದ್ದೇಶವಿದ್ದರೆ ಸಾಲದು ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ 2000ದ ಅಮೆರಿಕ ಅಧ್ಯಕ್ಷೀಯ ಚುನಾವಣೆಯಲ್ಲಿದೆ. ಫ್ಲಾರಿಡಾದ ಪಾಮ್ ಬೀಚ್ ಕೌಂಟಿಯಲ್ಲಿ ವಯಸ್ಸಾದ ಮತದಾರರು ಹೆಚ್ಚು. ಅವರಿಗೆ ಓದಲು ಅನುಕೂಲವಾಗಲೆಂದು ಚುನಾವಣಾಧಿಕಾರಿ ಮತಪತ್ರದ ಅಕ್ಷರಗಳನ್ನು ದೊಡ್ಡದು ಮಾಡಿಸಿದರು. ಹೆಸರುಗಳು ಒಂದೇ ಪುಟದಲ್ಲಿ ಹಿಡಿಸದೆ ಎದುರುಬದುರಿನ ಎರಡು ಪುಟಗಳಿಗೆ ಹರಡಿಕೊಂಡವು. ಮತ ಹಾಕಲು ರಂಧ್ರ ಮಾಡುವ ಗುರುತುಗಳೆಲ್ಲ ನಡುವಿನ ಒಂದೇ ಸಾಲಿನಲ್ಲಿ ಉಳಿದವು. ಎಡಪುಟದಲ್ಲಿ ಎರಡನೆಯವರಾಗಿದ್ದ ಆಲ್ ಗೋರ್ ಅವರಿಗೆ ಮತ ಹಾಕಬೇಕಾದರೆ ಮೂರನೆಯ ರಂಧ್ರವನ್ನು ಒತ್ತಬೇಕಿತ್ತು. ಎರಡನೆಯ ರಂಧ್ರ ಬಲಪುಟದ ಪ್ಯಾಟ್ ಬುಕಾನನ್ ಅವರದಾಗಿತ್ತು. ಬುಕಾನನ್ ಅವರಿಗೆ ಆ ಕೌಂಟಿಯೊಂದರಲ್ಲೇ 3,400ಕ್ಕೂ ಹೆಚ್ಚು ಮತಗಳು ಬಿದ್ದವು. ಇಡೀ ರಾಜ್ಯದಲ್ಲಿ ಗೋರ್ ಸೋತ ಅಂತರವೆಂದು ಘೋಷಿತವಾದದ್ದು 537 ಮತಗಳು.

ನನ್ನ ಪ್ರಶ್ನೆ ಇಷ್ಟೇ: ವಿನ್ಯಾಸಕರು ಸಮಾಜವನ್ನು ತಿದ್ದುವ ಕೆಲಸಕ್ಕೆ ಕೈಹಾಕಬೇಕೆ ಎಂದು ಕೇಳುವ ಹಂತವನ್ನು ನಾವು ದಾಟಿದ್ದೇವೆ, ಏಕೆಂದರೆ ತಿಳಿದೋ ತಿಳಿಯದೆಯೋ ಆ ಕೆಲಸವನ್ನು ಮಾಡುತ್ತಲೇ ಇದ್ದೇವೆ. ಹಾಗಾದರೆ ಅದಕ್ಕೆ ಯಾರ ಒಪ್ಪಿಗೆ ಬೇಕು, ತಪ್ಪಾದಾಗ ಉತ್ತರ ಕೊಡಬೇಕಾದವರು ಯಾರು?

ಅಡಿಟಿಪ್ಪಣಿ

ನಾನು ಸಮಾಜಶಾಸ್ತ್ರ ಕಲಿಸುವವನು. ಇಷ್ಟು ನೇರವಾಗಿ ನಿಮ್ಮ ಅನುಭವವನ್ನು ಹೇಳಿಕೊಂಡದ್ದಕ್ಕೆ ಮೊದಲಿಗೆ ಕೃತಜ್ಞತೆಗಳು. ಆದರೂ ‘ದಾರಿ ತೋರುವುದು’ ಎಂಬ ಮಾತಿಗೆ ನನ್ನ ಆಕ್ಷೇಪವಿದೆ. ದಾರಿ ತೋರುವವನಿಗೆ ಊರು ಯಾವುದೆಂದು ಗೊತ್ತಿರಬೇಕು. ನಡೆಯುವವರು ಎಲ್ಲಿಗೆ ಹೊರಟಿದ್ದಾರೆಂಬುದೂ ಗೊತ್ತಿರಬೇಕು. ಇವೆರಡೂ ಇಲ್ಲದೆ ವಿನ್ಯಾಸಕರು ಹೊರಟಾಗ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾದ ದಕ್ಷಿಣ ಭಾಗದ ದೇಶಗಳಲ್ಲಿ ಅಳವಡಿಸಿದ ‘ಪ್ಲೇಪಂಪ್’ ಸಾಕ್ಷಿ.

ಕಲ್ಪನೆ ಬಹಳ ಮುದ್ದಾದದ್ದು. ಮಕ್ಕಳು ಗಿರಗಿರನೆ ಸುತ್ತುವ ಆಟದ ಚಕ್ರವನ್ನು ತಿರುಗಿಸಿದರೆ ನೆಲದಡಿಯ ನೀರು ಎತ್ತರದ ತೊಟ್ಟಿಗೆ ಏರುತ್ತದೆ; ತೊಟ್ಟಿಯ ಗೋಡೆಗಳ ಮೇಲಿನ ಜಾಹೀರಾತಿನಿಂದ ನಿರ್ವಹಣೆಯ ಖರ್ಚು ಹುಟ್ಟುತ್ತದೆ. 2006ರಲ್ಲಿ ಇದಕ್ಕೆ ದೊಡ್ಡ ಮೊತ್ತದ ನೆರವು ಘೋಷಣೆಯಾಯಿತು. ನಾಲ್ಕು ಸಾವಿರ ಪಂಪುಗಳನ್ನು ಹಾಕುವ ಗುರಿ ಇಟ್ಟುಕೊಳ್ಳಲಾಯಿತು. ಒಂದು ಪಂಪು ಇಷ್ಟು ಜನರಿಗೆ ನೀರು ಕೊಡುತ್ತದೆ ಎಂದು ಹೇಳಿಕೊಂಡಿದ್ದರಲ್ಲ, ಆ ಲೆಕ್ಕ ನಿಜವಾಗಬೇಕಾದರೆ ಮಕ್ಕಳು ದಿನಕ್ಕೆ 27 ಗಂಟೆ ಆಡಬೇಕಾಗುತ್ತದೆ ಎಂದು 2009ರಲ್ಲಿ ಬ್ರಿಟನ್ನಿನ ಒಂದು ಪತ್ರಿಕೆ ಲೆಕ್ಕ ಹಾಕಿ ತೋರಿಸಿತು. ಮಕ್ಕಳು ಶಾಲೆಯಲ್ಲಿದ್ದಾಗ, ಅಥವಾ ಆಟ ಸಾಕೆನಿಸಿದಾಗ, ಹೆಂಗಸರು ಬಗ್ಗಿ ಆ ಚಕ್ರವನ್ನು ಕೈಯಿಂದ ತಿರುಗಿಸಬೇಕಾಯಿತು. ಕೆಲವೆಡೆ, ಸುಲಭವಾಗಿ ರಿಪೇರಿ ಮಾಡಬಹುದಾಗಿದ್ದ ಹಳೆಯ ಕೈಪಂಪನ್ನು ಕಿತ್ತು ಇದನ್ನು ನಿಲ್ಲಿಸಿದ್ದರು. ನೀರು ಹೊರುವವರು ಹೆಂಗಸರು ಎಂಬ ಒಂದೇ ಒಂದು ಸಂಗತಿ ವಿನ್ಯಾಸದ ಮೊದಲ ದಿನ ಮೇಜಿನ ಮೇಲಿದ್ದಿದ್ದರೆ ಆ ಚಕ್ರದ ಎತ್ತರವೇ ಬೇರೆಯಾಗಿರುತ್ತಿತ್ತು. ಬಹುಶಃ ಚಕ್ರವೇ ಇರುತ್ತಿರಲಿಲ್ಲ.

ನಿಮ್ಮ ಅರ್ಜಿಯ ವಿಷಯದಲ್ಲಿ ಆದದ್ದೂ ಇದೇ ಜಾತಿಯ ತಪ್ಪು ಎಂದು ನನಗೆ ಅನಿಸುತ್ತದೆ. ‘ಬಳಕೆದಾರ’ ಎಂಬ ಪದ ನಿಮ್ಮ ವೃತ್ತಿಗೆ ಬಹಳ ಪ್ರಿಯವಾದದ್ದು. ಅದು ವಯಸ್ಸು, ಬಡತನ, ಮನೆಯೊಳಗಿನ ಅಧಿಕಾರ ಎಲ್ಲವನ್ನೂ ತೊಳೆದು ಒಬ್ಬ ಸಪಾಟಾದ ವ್ಯಕ್ತಿಯನ್ನು ನಿಮ್ಮ ಮುಂದೆ ನಿಲ್ಲಿಸುತ್ತದೆ.

ತಿರುಪುಮೊಳೆ

ಅಡಿಟಿಪ್ಪಣಿಯವರ ಮಾತಿನಲ್ಲಿ ತೂಕವಿದೆ, ಆದರೆ ವೈಫಲ್ಯಗಳನ್ನೇ ಎಣಿಸುತ್ತ ಕೂತರೆ ಅರ್ಧ ಸತ್ಯ ಮಾತ್ರ ಕಾಣುತ್ತದೆ. ನಾನು ಯಂತ್ರಗಳ ವಿನ್ಯಾಸ ಮಾಡುವ ಎಂಜಿನಿಯರ್. ನನ್ನ ಪ್ರಕಾರ ಈ ವಿಷಯದಲ್ಲಿ ಎಲ್ಲರೂ ಗಮನಿಸಬೇಕಾದ ವಸ್ತು ಕಾರಿನ ಸೀಟ್ ಬೆಲ್ಟ್.

1959ರಲ್ಲಿ ವೋಲ್ವೊ ಕಂಪನಿಯ ನಿಲ್ಸ್ ಬೋಲಿನ್ ಅವರು ಮೂರು ಬಿಂದುಗಳಲ್ಲಿ ಹಿಡಿದು ನಿಲ್ಲಿಸುವ ಬೆಲ್ಟನ್ನು ರೂಪಿಸಿದರು. ಅದಕ್ಕೂ ಮೊದಲು ಅವರು ವಿಮಾನದಿಂದ ಪೈಲಟ್ಟನ್ನು ಹೊರಕ್ಕೆ ಚಿಮ್ಮಿಸುವ ಆಸನಗಳ ಮೇಲೆ ಕೆಲಸ ಮಾಡಿದ್ದವರು. ಯುದ್ಧವಿಮಾನದ ಪೈಲಟ್ ಎಷ್ಟು ಪಟ್ಟಿಗಳನ್ನು ಬೇಕಾದರೂ ಬಿಗಿದುಕೊಳ್ಳುತ್ತಾನೆ, ಸಾಮಾನ್ಯ ಚಾಲಕನಿಗೆ ಒಂದು ನಿಮಿಷದ ಕಿರಿಕಿರಿಯೂ ಬೇಡ ಎಂಬುದು ಅವರಿಗೆ ಗೊತ್ತಿತ್ತು. ಆದ್ದರಿಂದ ಒಂದೇ ಕೈಯಲ್ಲಿ ಎಳೆದು ಸಿಕ್ಕಿಸಬಹುದಾದದ್ದನ್ನು ಮಾಡಿದರು. ಕಂಪನಿಯು ಆ ಪೇಟೆಂಟನ್ನು ಬೇರೆ ತಯಾರಕರೂ ಬಳಸಲು ಬಿಟ್ಟುಕೊಟ್ಟಿತು. ಇಷ್ಟಾದರೂ ಜನ ಬೆಲ್ಟ್ ಹಾಕಿಕೊಳ್ಳಲಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವು 1970ರಲ್ಲಿ ಅದನ್ನು ಧರಿಸುವುದನ್ನು ಕಡ್ಡಾಯ ಮಾಡಿತು. ಒಂದೊಂದಾಗಿ ಇತರ ದೇಶಗಳೂ ಆ ಹಾದಿ ಹಿಡಿದವು.

ಇದನ್ನು ಎರಡು ಬಗೆಯಾಗಿ ಓದಬಹುದು. ಕಾನೂನಿಲ್ಲದೆ ವಿನ್ಯಾಸ ಗೆಲ್ಲಲಿಲ್ಲ ಎಂಬುದು ಒಂದು. ನನಗೆ ಮುಖ್ಯವೆನಿಸುವುದು ಇನ್ನೊಂದು: ಹಾಕಿಕೊಳ್ಳಲು ಎರಡು ನಿಮಿಷ ಹಿಡಿಯುವ, ಹೊಟ್ಟೆಯನ್ನು ಕೊರೆಯುವ ಪಟ್ಟಿಯನ್ನು ಕಡ್ಡಾಯ ಮಾಡಿದ್ದರೆ ಯಾವ ಸರ್ಕಾರವೂ ಆ ಕಾನೂನನ್ನು ಬಹಳ ದಿನ ಉಳಿಸಿಕೊಳ್ಳುತ್ತಿರಲಿಲ್ಲ. ಪಾಲಿಸಲು ಸುಲಭವಾದದ್ದನ್ನಷ್ಟೇ ನ್ಯಾಯವಾಗಿ ಕಡ್ಡಾಯ ಮಾಡಬಹುದು. ಆ ಸುಲಭವನ್ನು ಹುಟ್ಟಿಸಿಕೊಡುವುದು ವಿನ್ಯಾಸಕರ ಕೆಲಸ. ಸಮಾಜ ಯಾವ ಕಡೆಗೆ ಹೋಗಬೇಕೆಂದು ನಿರ್ಧರಿಸುವುದು ಅವರ ಪಾಲಿಗೆ ಬರುವುದಿಲ್ಲ. ಹೋಗಲು ಸಾಧ್ಯವಾಗುವಂತೆ ಮಾಡುವುದು ಬರುತ್ತದೆ. ಅದು ಸಣ್ಣ ಕೆಲಸವಲ್ಲ.

ಗಾಲಿಪಥ

ಇಪ್ಪತ್ತು ವರ್ಷಗಳಿಂದ ಗಾಲಿಕುರ್ಚಿಯಲ್ಲಿ ಓಡಾಡುತ್ತಿದ್ದೇನೆ. ವಿನ್ಯಾಸದ ಬಗ್ಗೆ ನಾನು ಓದಿದ್ದು ಕಡಿಮೆ, ಪ್ರತಿದಿನ ಬೆಳಗ್ಗೆಯಿಂದ ರಾತ್ರಿಯವರೆಗೆ ಅನುಭವಿಸಿದ್ದು ಹೆಚ್ಚು. ಇಲ್ಲಿಯವರೆಗಿನ ಮೂರೂ ಬರಹಗಳಲ್ಲಿ ಒಂದು ಸಮಾನ ಊಹೆ ಇದೆ: ಬದಲಾವಣೆ ವಿನ್ಯಾಸಕರಿಂದ ಶುರುವಾಗುತ್ತದೆ, ಚೆನ್ನಾಗಿಯೋ ಕೆಟ್ಟದಾಗಿಯೋ ಎಂಬುದು ಆಮೇಲಿನ ಮಾತು. ನನಗೆ ಗೊತ್ತಿರುವ ಇತಿಹಾಸ ಹಾಗಿಲ್ಲ.

ಪಾದಚಾರಿ ಮಾರ್ಗದ ಅಂಚನ್ನು ರಸ್ತೆಯ ಮಟ್ಟಕ್ಕೆ ಇಳಿಸುವ ಇಳಿಜಾರನ್ನು ತೆಗೆದುಕೊಳ್ಳಿ. ಅದನ್ನು ಬರೆಯಲು ಯಾವ ಮಹಾ ಪ್ರತಿಭೆಯೂ ಬೇಡ. ಯಾವ ಗಾರೆ ಕೆಲಸದವರಾದರೂ ಮಾಡುತ್ತಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲೇ ಅಮೆರಿಕದ ಕ್ಯಾಲಮಜೂ ನಗರದಲ್ಲಿ ಗಾಯಾಳು ಸೈನಿಕರಿಗಾಗಿ ಕೆಲವನ್ನು ಮಾಡಿದ್ದರು. ಅದು ಎಲ್ಲೆಡೆಯ ನಿಯಮವಾಗಲು ಕ್ಯಾಲಿಫೋರ್ನಿಯಾದ ಬರ್ಕ್‌ಲಿಯಲ್ಲಿ ಗಾಲಿಕುರ್ಚಿಯಲ್ಲಿದ್ದ ಎಡ್ ರಾಬರ್ಟ್ಸ್ ಮತ್ತು ಅವರ ಸಂಗಡಿಗ ವಿದ್ಯಾರ್ಥಿಗಳು ಹೋರಾಡಬೇಕಾಯಿತು, ಅಂಗವಿಕಲರು ಸರ್ಕಾರಿ ಕಟ್ಟಡಗಳಲ್ಲಿ ಧರಣಿ ಕೂರಬೇಕಾಯಿತು. ದೇಶಕ್ಕೆಲ್ಲ ಅನ್ವಯವಾಗುವ ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 1990ರಲ್ಲಿ. ಹಾದಿಯನ್ನು ತೋರಿಸಿದವರು ಆ ಹಾದಿಯಲ್ಲಿ ನಡೆಯಲಾಗದವರು. ವಿನ್ಯಾಸಕರು ಹಿಂದಿನಿಂದ ಬಂದರು.

ಇನ್ನು ವಿನ್ಯಾಸಕರ ಅಗತ್ಯ ನಿಜವಾಗಿಯೂ ಎಲ್ಲಿ ಬಿತ್ತು ಎಂಬುದನ್ನೂ ಹೇಳುತ್ತೇನೆ, ಏಕೆಂದರೆ ನಾನು ಅವರನ್ನು ಬೇಡವೆನ್ನುತ್ತಿಲ್ಲ. ನಮಗೆ ಅಡ್ಡಿಯಾಗಿದ್ದ ಆ ಅಂಚು ಕಣ್ಣು ಕಾಣದವರಿಗೆ ಆಸರೆಯಾಗಿತ್ತು. ಕೋಲಿನ ತುದಿಗೆ ಅಂಚು ತಾಗಿದರೆ ಮುಂದೆ ರಸ್ತೆ ಇದೆ ಎಂದು ಅವರಿಗೆ ತಿಳಿಯುತ್ತಿತ್ತು. ಅಂಚನ್ನು ಇಳಿಸಿದಾಗ ನಮಗೆ ದಾರಿ ತೆರೆಯಿತು, ಅವರು ಗೊತ್ತಿಲ್ಲದೆ ವಾಹನಗಳ ನಡುವೆ ಇಳಿಯುವ ಅಪಾಯ ಹುಟ್ಟಿತು. ಇಬ್ಬರ ಬೇಡಿಕೆಯೂ ನ್ಯಾಯವೇ. ಇಳಿಜಾರಿನ ತುದಿಯಲ್ಲಿ ಪಾದಕ್ಕೂ ಕೋಲಿಗೂ ತಿಳಿಯುವಂಥ ಉಬ್ಬುಚುಕ್ಕಿಗಳ ಹಾಸನ್ನು ಹಾಕುವುದು ಇದಕ್ಕೆ ಸಿಕ್ಕ ಉತ್ತರ. ಅಂಥ ಹಾಸುಗಲ್ಲನ್ನು ಜಪಾನಿನ ಸೇಯಿಚಿ ಮಿಯಾಕೆ 1965ರಲ್ಲಿ ರೂಪಿಸಿದ್ದರು; 1967ರಲ್ಲಿ ಒಕಾಯಾಮದ ಅಂಧರ ಶಾಲೆಯ ಬಳಿ ಅದು ಮೊದಲು ನೆಲಕ್ಕಿಳಿಯಿತು. ಎರಡು ಸರಿಯಾದ ಬೇಡಿಕೆಗಳು ಒಂದಕ್ಕೊಂದು ಎದುರಾಗಿ ನಿಂತಾಗ ಇಬ್ಬರನ್ನೂ ಕೂರಿಸಿಕೊಂಡು ಮೂರನೆಯದನ್ನು ಹುಡುಕುವುದಿದೆಯಲ್ಲ, ಅದು ಹೋರಾಟಗಾರರಿಂದಲೂ ಆಗುವುದಿಲ್ಲ, ಕಾನೂನು ಬರೆಯುವವರಿಂದಲೂ ಆಗುವುದಿಲ್ಲ. ನನಗೆ ವಿನ್ಯಾಸಕರು ಬೇಕಾದದ್ದು ಅಲ್ಲಿ.

ಜೊತೆಗೆ ಇದನ್ನೂ ಸೇರಿಸಲೇಬೇಕು. ಇಳಿಜಾರು ಕಟ್ಟಿ ಚಿತ್ರ ತೆಗೆಸಿಕೊಂಡು ಹೋದ ಮೇಲೆ ಅದರ ಬುಡದಲ್ಲಿ ವಾಹನ ನಿಲ್ಲಿಸಿದರೆ ಆ ಇಳಿಜಾರು ಇಲ್ಲದಂತೆಯೇ ಸರಿ. ಉಬ್ಬುಹಾಸು ನೇರವಾಗಿ ಒಂದು ಕಂಬಕ್ಕೆ ಹೋಗಿ ಮುಟ್ಟಿರುವುದನ್ನು ನಾನೇ ನೋಡಿದ್ದೇನೆ.

ಹೊಸಪುಟ

ನೀವೆಲ್ಲರೂ ಅನುಭವಿಗಳು. ನಾನು ಆ್ಯಪ್‌ಗಳ ಪರದೆಗಳನ್ನು ರೂಪಿಸುವ ಕೆಲಸಕ್ಕೆ ಸೇರಿ ಮೂರು ವರ್ಷವಾಯಿತು. ವಿನ್ಯಾಸಕರಿಗೆ ಅಧಿಕಾರವಿದೆ ಎಂದು ಇಲ್ಲಿ ಎಲ್ಲರೂ ಒಪ್ಪಿಕೊಂಡಂತೆ ಕಾಣುತ್ತದೆ, ಆದರೆ ನನ್ನ ಮೇಜಿನಿಂದ ನೋಡಿದರೆ ಅದು ಕಾಣಿಸುತ್ತಿಲ್ಲ.

ಹಿಂದಿನ ಕೆಲಸದಲ್ಲಿ ಚಂದಾ ರದ್ದು ಮಾಡುವ ಗುಂಡಿಯನ್ನು ನಾಲ್ಕು ಪರದೆಗಳ ಹಿಂದೆ ಇಡುವಂತೆ ನನಗೆ ಹೇಳಿದರು. ಪ್ರತಿ ಪರದೆಯಲ್ಲೂ ‘ಉಳಿಯುತ್ತೇನೆ’ ಎಂಬುದು ಗಾಢ ಬಣ್ಣದಲ್ಲಿ, ‘ಹೊರಡುತ್ತೇನೆ’ ಎಂಬುದು ಮಸುಕಾಗಿ ಇರಬೇಕಿತ್ತು. ಇದು ಸರಿಯಲ್ಲವೆಂದು ಒಂದು ಸಲ ಹೇಳಿದೆ. ರದ್ದಾಗುವವರ ಸಂಖ್ಯೆಯನ್ನು ಇಳಿಸುವುದೇ ಈ ತ್ರೈಮಾಸಿಕದ ಗುರಿ ಎಂಬ ಉತ್ತರ ಬಂತು. ನಾನು ಮಾಡಿಕೊಟ್ಟೆ. ಇಂಥ ಕಪಟ ವಿನ್ಯಾಸಗಳಿಗೆ 2010ರಲ್ಲೇ ಹ್ಯಾರಿ ಬ್ರಿಗ್ನಲ್ ಎಂಬ ವಿನ್ಯಾಸಕರು ‘ಡಾರ್ಕ್ ಪ್ಯಾಟರ್ನ್’ ಎಂದು ಹೆಸರಿಟ್ಟು ಉದಾಹರಣೆಗಳನ್ನು ಸಂಗ್ರಹಿಸತೊಡಗಿದ್ದರು. ನಾನು ಕಾಲೇಜಿನಲ್ಲಿ ಅದರ ಬಗ್ಗೆ ಪ್ರಬಂಧವನ್ನೂ ಬರೆದಿದ್ದೆ. ಗೊತ್ತಿದ್ದೂ ಮಾಡಿದೆ ಎಂಬುದು ನನ್ನನ್ನು ಇಂದಿಗೂ ಕಾಡುತ್ತದೆ.

ಬೆರಳಾಡಿಸಿದಷ್ಟೂ ಮುಗಿಯದೆ ಬರುತ್ತಲೇ ಇರುವ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಅವರು ಮುಂದೆ ಅದಕ್ಕಾಗಿ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟರು. ಮುಂದಿನ ಪುಟಕ್ಕೆ ಹೋಗಲು ಒತ್ತಬೇಕಾದ ಒಂದು ಕ್ಲಿಕ್ಕನ್ನು ಉಳಿಸುವುದಷ್ಟೇ ಉದ್ದೇಶವಾಗಿದ್ದಾಗ, ಆ ಕ್ಲಿಕ್ ಓದುಗನಿಗೆ ‘ಇಲ್ಲಿಗೆ ಸಾಕೇ?’ ಎಂದು ಕೇಳುತ್ತಿದ್ದ ಒಂದು ನಿಲುಗಡೆಯೂ ಹೌದು ಎಂಬುದು ಹೊಳೆಯುವುದು ಕಷ್ಟ. ನಂತರ ಪಶ್ಚಾತ್ತಾಪ ಪಟ್ಟರೆ ಏನು ಬಂತು ಎಂದು ಕೇಳಬಹುದು. ಮೊದಲೇ ಅದನ್ನು ಕಾಣುವ ಬಗೆ ಹೇಗೆ, ಕಂಡರೂ ತಡೆಯುವ ಶಕ್ತಿ ಎಲ್ಲಿಂದ ಬರಬೇಕು ಎಂದು ನಾನು ನಿಜಕ್ಕೂ ತಿಳಿಯಲು ಬಯಸುತ್ತೇನೆ.

ಬಿಳಿಹಾಳೆ

ಹೊಸಪುಟ, ನಿಮ್ಮ ಬರಹವನ್ನು ಎರಡು ಸಲ ಓದಿದೆ. ಒಬ್ಬರೇ ನಿಂತು ತಡೆಯುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಐರೋಪ್ಯ ಒಕ್ಕೂಟವು 2022ರ ಡಿಜಿಟಲ್ ಸೇವೆಗಳ ಕಾಯ್ದೆಯಲ್ಲಿ ಜಾಲವೇದಿಕೆಗಳು ಜನರನ್ನು ವಂಚಿಸುವ ಪರದೆಗಳನ್ನು ರೂಪಿಸಬಾರದೆಂದು ಸೇರಿಸಿದಾಗ, ಹನ್ನೆರಡು ವರ್ಷಗಳ ಹಿಂದೆ ಒಬ್ಬ ವಿನ್ಯಾಸಕ ಮಾಡಿದ ನಾಮಕರಣ ಆ ಹಾದಿಯ ಮೊದಲ ಹೆಜ್ಜೆಗಳಲ್ಲಿ ಒಂದಾಗಿತ್ತು ಎಂಬುದನ್ನು ಮಾತ್ರ ನೆನಪಿಡಿ. ಹೆಸರಿಲ್ಲದ್ದನ್ನು ನಿಷೇಧಿಸಲು ಬರುವುದಿಲ್ಲ.

ನಾನು ಈಗ ಮಾಡುವ ಒಂದು ಸಣ್ಣ ಕೆಲಸವನ್ನು ತಿಳಿಸುತ್ತೇನೆ. ಪ್ರತಿ ಕೆಲಸ ಒಪ್ಪಿಸುವಾಗ ಚಿತ್ರಗಳ ಜೊತೆ ಒಂದು ಪುಟ ಬರೆದಿಡುತ್ತೇನೆ: ಇದರಲ್ಲಿ ಯಾವ ಯಾವ ನಿರ್ಧಾರಗಳನ್ನು ಯಾರೂ ಕೇಳದೆ ನಾನೇ ತೆಗೆದುಕೊಂಡೆ, ಪ್ರತಿಯೊಂದರಿಂದ ಯಾರು ಹೊರಗೆ ಉಳಿಯಬಹುದು, ಯಾವ ಗುರುತು ಕಂಡರೆ ಅದನ್ನು ಬದಲಿಸಬೇಕು. ಗುಂಡಿಯನ್ನು ಅಡಗಿಸಿಡಿ ಎಂದು ಬಾಯಲ್ಲಿ ಹೇಳುವವರು ಆ ಪುಟದ ಕೆಳಗೆ ಸಹಿ ಹಾಕಲು ಹಿಂಜರಿದದ್ದನ್ನು ನೋಡಿದ್ದೇನೆ. ಎಲ್ಲ ಸಲವೂ ಹಿಂಜರಿಯುವುದಿಲ್ಲ.

ಇನ್ನೊಂದು ಮಾತು: ಮೊದಲೇ ಗುರುತು ಹಾಕಿಟ್ಟ ಆಯ್ಕೆಯ ಬಲ ದೊಡ್ಡದು. ಬೇಡವೆಂದು ಹೇಳದವರು ಅಂಗದಾನಕ್ಕೆ ಒಪ್ಪಿದ್ದಾರೆ ಎಂದೇ ಭಾವಿಸುವ ಆಸ್ಟ್ರಿಯಾದಲ್ಲಿ ಒಪ್ಪಿಗೆಯ ಪ್ರಮಾಣ ಹೆಚ್ಚುಕಡಿಮೆ ನೂರಕ್ಕೆ ನೂರು, ಒಪ್ಪಿಗೆಯನ್ನು ಕೇಳಿ ಪಡೆಯುವ ಜರ್ಮನಿಯಲ್ಲಿ ಶೇ 12 ಎಂದು 2003ರ ಅಧ್ಯಯನವೊಂದು ತೋರಿಸಿತ್ತು. ಒಂದು ಪೆಟ್ಟಿಗೆಯ ಗುರುತು ಜೀವ ಉಳಿಸಬಲ್ಲದು ಎಂಬುದಕ್ಕೆ ಇದು ಸಾಕ್ಷಿಯಲ್ಲವೇ?

ಅಡಿಟಿಪ್ಪಣಿ

ಬಿಳಿಹಾಳೆಯವರೇ, ಈ ಉದಾಹರಣೆಯನ್ನು ವಿನ್ಯಾಸದ ಚರ್ಚೆಗಳಲ್ಲಿ ಬಹಳ ಕೇಳಿದ್ದೇನೆ. ಅದಕ್ಕೇ ಇಲ್ಲಿ ತಡೆದು ಹೇಳಬೇಕಾಗಿದೆ. ಆ ಅಂಕಿಗಳು ಒಪ್ಪಿಗೆಯವು, ನಡೆದ ಅಂಗಕಸಿಗಳವಲ್ಲ. ಕಾಗದದ ಮೇಲಿನ ಒಪ್ಪಿಗೆಗೂ ಒಬ್ಬ ರೋಗಿಗೆ ಮೂತ್ರಪಿಂಡ ತಲುಪುವುದಕ್ಕೂ ನಡುವೆ ಆಸ್ಪತ್ರೆ, ವೈದ್ಯರು, ದುಃಖದಲ್ಲಿರುವ ಕುಟುಂಬ ಎಲ್ಲವೂ ಇವೆ. ಈ ವಿಷಯದಲ್ಲಿ ಜಗತ್ತಿಗೆ ಮುಂದಿರುವ ಸ್ಪೇನಿನಲ್ಲೂ ಕಾನೂನು ಒಪ್ಪಿಗೆ ಇದೆಯೆಂದೇ ಭಾವಿಸುತ್ತದೆ, ಆದರೆ ಆ ಕಾನೂನು ಬಂದು ಹತ್ತು ವರ್ಷ ಕಳೆದರೂ ಅಲ್ಲಿ ದೊಡ್ಡ ಏರಿಕೆ ಕಾಣಲಿಲ್ಲ. 1989ರಲ್ಲಿ ರಾಷ್ಟ್ರೀಯ ಅಂಗಕಸಿ ಸಂಸ್ಥೆಯನ್ನು ಕಟ್ಟಿ, ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಸಂಯೋಜಕರನ್ನು ನೇಮಿಸಿ, ಅವರು ಕುಟುಂಬದವರೊಡನೆ ಕೂತು ಮಾತನಾಡುವ ಕ್ರಮ ಬಂದ ಮೇಲೆ ಏರಿಕೆ ಕಂಡಿತು. ಆ ಮಾತುಕತೆಯ ಕೋಣೆ, ಅಲ್ಲಿ ಯಾರು ಯಾವಾಗ ಬಾಯಿ ತೆರೆಯಬೇಕೆಂಬ ಕ್ರಮ, ಇವೂ ರೂಪಿಸಿದವೇ. ಕಣ್ಣಿಗೆ ಕಾಣುವ ಪೆಟ್ಟಿಗೆಯ ಗುರುತಿಗೆ ಸಿಗುವ ಹೊಗಳಿಕೆ ಅವಕ್ಕೆ ಸಿಗುವುದಿಲ್ಲ.

ಬಿಳಿಹಾಳೆ

ತಿದ್ದಿದ್ದಕ್ಕೆ ವಂದನೆಗಳು. ಒಪ್ಪಿಗೆಯನ್ನೂ ಫಲಿತಾಂಶವನ್ನೂ ನಾನು ಒಂದೇ ಎಂದುಕೊಂಡಿದ್ದೆ. ನನ್ನ ಅರ್ಜಿಯ ವಿಷಯದಲ್ಲಿ ಮಾಡಿದ ತಪ್ಪೂ ಅದೇ. ಭರ್ತಿಯಾದ ಅರ್ಜಿಗಳನ್ನು ಎಣಿಸಿದೆ, ಹಣ ತಲುಪಿದವರನ್ನು ಎಣಿಸಲಿಲ್ಲ.

ಅಚ್ಚುಮೊಳೆ

ನಾನು ಮುದ್ರಣಾಲಯದಲ್ಲಿ ಅಕ್ಷರದ ಮೊಳೆಗಳನ್ನು ಜೋಡಿಸುತ್ತಿದ್ದವನು, ಈಗ ನಿವೃತ್ತ. ಗಣಕಯಂತ್ರ ಬಂದಾಗ ನಮ್ಮ ಕೆಲಸವನ್ನು ಬೇರೆ ಯಾರೋ, ಬೇರೆ ಎಲ್ಲೋ ಕೂತು ಹೊಸದಾಗಿ ರೂಪಿಸಿದ್ದರು. ಪದಗಳ ನಡುವಿನ ಜಾಗ ಎಷ್ಟಿದ್ದರೆ ಕಣ್ಣಿಗೆ ಹಿತ, ಸಾಲು ಎಲ್ಲಿ ಒಡೆದರೆ ಓದು ಮುರಿಯುವುದಿಲ್ಲ ಎಂಬುದು ನಮ್ಮ ಬೆರಳುಗಳಿಗೆ ಗೊತ್ತಿತ್ತು, ಯಾರೂ ಕೇಳಲಿಲ್ಲ. ಯಂತ್ರ ಬಂದು ಇಳಿದ ಮೇಲೆ ಒಂದು ವಾರದ ತರಬೇತಿ ಕೊಟ್ಟರು.

ಅದೇ ಕಾಲದಲ್ಲಿ ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ ಬೇರೆಯ ರೀತಿ ನಡೆದಿತ್ತು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. 1981ರಿಂದ 1985ರವರೆಗೆ ಮುದ್ರಣ ಕಾರ್ಮಿಕರ ಸಂಘಟನೆ ಮತ್ತು ಗಣಕ ಸಂಶೋಧಕರು ಸೇರಿ ‘ಯುಟೋಪಿಯಾ’ ಎಂಬ ಯೋಜನೆ ನಡೆಸಿದರು. ಪತ್ರಿಕೆಯ ಪುಟ ಕಟ್ಟುವ ಗಣಕ ಇನ್ನೂ ತಯಾರಾಗಿರಲಿಲ್ಲ. ರಟ್ಟಿನಿಂದ, ಮರದ ತುಂಡುಗಳಿಂದ ಅದರ ಅಣಕು ಮಾದರಿ ಮಾಡಿ, ಕಾರ್ಮಿಕರು ಅದರ ಮುಂದೆ ಕೂತು ತಮ್ಮ ಕೆಲಸವನ್ನು ಮಾಡಿ ತೋರಿಸಿದರು. ಎಲ್ಲಿ ಕೈ ತಡೆಯುತ್ತದೆ, ಯಾವ ಉಪಕರಣ ಬೇಕು ಎಂಬುದು ಅಲ್ಲೇ ತಿಳಿಯುತ್ತಿತ್ತು. ರಟ್ಟಾದ್ದರಿಂದ ತಪ್ಪೆನಿಸಿದರೆ ಕತ್ತರಿಸಿ ಬೇರೆಯದನ್ನು ಅಂಟಿಸಬಹುದಿತ್ತು, ಅದಕ್ಕೆ ಗಣಕಶಾಸ್ತ್ರ ಓದಿರಬೇಕಾಗಿರಲಿಲ್ಲ. ಆ ಯೋಜನೆಯಿಂದ ಯಂತ್ರ ಎಷ್ಟು ಮಾರಾಟವಾಯಿತು ಎಂಬುದು ನನಗೆ ಮುಖ್ಯವಲ್ಲ. ಕೆಲಸ ಬಲ್ಲವನನ್ನು ಕೆಲಸ ಬದಲಾಗುವ ಮೊದಲು ಕರೆದರು ಎಂಬುದನ್ನು ಓದಿದ ದಿನ ನನ್ನ ಕಣ್ಣು ತುಂಬಿತ್ತು.

ಗಾಲಿಪಥ

ಅಚ್ಚುಮೊಳೆಯವರ ಮಾತಿನಲ್ಲಿ ‘ಮೊದಲು’ ಎಂಬ ಪದಕ್ಕೆ ನಾನು ಅಡಿಗೆರೆ ಎಳೆಯುತ್ತೇನೆ. ನನ್ನನ್ನು ಹಲವು ಕಟ್ಟಡಗಳ ಪರಿಶೀಲನೆಗೆ ಕರೆದಿದ್ದಾರೆ, ಕಾಂಕ್ರೀಟು ಗಟ್ಟಿಯಾದ ಮೇಲೆ. ಆಗ ನಾನು ಹೇಳುವುದೆಲ್ಲ ದೂರಾಗುತ್ತದೆ, ನಕ್ಷೆಯ ಹಂತದಲ್ಲಿ ಅದೇ ಮಾತು ಸಲಹೆಯಾಗಿರುತ್ತಿತ್ತು. ಇನ್ನೊಂದು ವಿಷಯ: ಕರೆಸಿಕೊಂಡವರಿಗೆ ಸಂಭಾವನೆ ಕೊಡಿ. ಸಭೆಯಲ್ಲಿ ಕೂತ ಎಲ್ಲರೂ ಸಂಬಳ ಪಡೆಯುವಾಗ, ಅನುಭವವನ್ನು ತಂದವರು ಮಾತ್ರ ಪುಕ್ಕಟೆಯಾಗಿ ಬರಬೇಕೆಂಬುದು ಯಾವ ನ್ಯಾಯ?

ತಿರುಪುಮೊಳೆ

ಒಪ್ಪಿದೆ. ನನ್ನ ಹಿಂದಿನ ಮಾತಿಗೆ ಒಂದು ತಿದ್ದುಪಡಿ: ಸುಲಭವನ್ನು ಹುಟ್ಟಿಸುವುದು ವಿನ್ಯಾಸಕರ ಕೆಲಸ ಎಂದಿದ್ದೆ. ಯಾರಿಗೆ ಸುಲಭ ಎಂಬುದನ್ನು ಕೇಳಿ ತಿಳಿಯುವುದು ಅದಕ್ಕಿಂತ ಮುಂಚಿನ ಕೆಲಸ.

ಹೊಸಪುಟ

ಬಿಳಿಹಾಳೆಯವರು ಹೇಳಿದ ಆ ಒಂದು ಪುಟವನ್ನು ಈಗಿನ ಕೆಲಸದಲ್ಲಿ ಬರೆದು ನೋಡಿದೆ. ನಾನೇ ತೆಗೆದುಕೊಂಡ ನಿರ್ಧಾರಗಳು ಐದಾರು ಇರಬಹುದೆಂದು ಎಣಿಸಿದ್ದೆ. ಇಪ್ಪತ್ಮೂರು ಇದ್ದವು. ಅಧಿಕಾರವೇ ಇಲ್ಲ ಎಂದು ಈ ಚರ್ಚೆಯಲ್ಲಿ ಬರೆದಿದ್ದ ನನಗೆ ಆ ಪಟ್ಟಿಯನ್ನು ಓದಿದಾಗ ಗಾಬರಿಯಾಯಿತು. ನಾಳೆ ತಂಡದ ಮುಂದೆ ಇಡುತ್ತೇನೆ.

ಬಿಳಿಹಾಳೆ

ಈ ಚರ್ಚೆ ನಡೆಯುತ್ತಿದ್ದ ಹತ್ತು ದಿನಗಳಲ್ಲಿ ನಾನು ಆ ಹಳೆಯ ಕಚೇರಿಗೆ ಪತ್ರ ಬರೆದಿದ್ದೇನೆ. ಮೊಬೈಲ್ ಸಂಖ್ಯೆಯನ್ನು ಐಚ್ಛಿಕ ಮಾಡಬೇಕು, ಒಂದೇ ಸಂಖ್ಯೆ ಎರಡು ಅರ್ಜಿಗಳಲ್ಲಿ ಬಂದರೆ ತಿರಸ್ಕರಿಸುವ ಬದಲು ಗುಮಾಸ್ತರ ಪರಿಶೀಲನೆಗೆ ಕಳುಹಿಸಬೇಕು, ಈಗಾಗಲೇ ಆ ಕಾರಣಕ್ಕೆ ತಿರಸ್ಕೃತವಾದ ಅರ್ಜಿಗಳನ್ನು ಮತ್ತೆ ತೆರೆಯಬೇಕು ಎಂದು ಕೇಳಿದ್ದೇನೆ. ನನ್ನ ಗುತ್ತಿಗೆ ಮುಗಿದು ಎರಡು ವರ್ಷವಾಗಿದೆ, ಆದ್ದರಿಂದ ಇದರಲ್ಲಿ ನನ್ನ ಸಂಬಂಧವಿಲ್ಲ ಎಂದು ಮೊದಲ ಉತ್ತರ ಬಂತು. ಎರಡನೆಯ ಪತ್ರದಲ್ಲಿ ಆ ನಕ್ಷತ್ರ ಚಿಹ್ನೆಯನ್ನು ಇಟ್ಟವಳು ನಾನೇ ಎಂದು ಬರೆದೆ. ಅದಕ್ಕೆ ಇನ್ನೂ ಉತ್ತರವಿಲ್ಲ.

ಆ ಗುಮಾಸ್ತರೊಡನೆ ಮಾತ್ರ ಫೋನಿನಲ್ಲಿ ಮಾತನಾಡಿದೆ. ಓದಲು ಬಾರದವರ ಅರ್ಜಿಗಳನ್ನೆಲ್ಲ ಭರ್ತಿ ಮಾಡುವವರು ಅವರೇ. ನಮೂನೆಯನ್ನು ರೂಪಿಸುವಾಗ ನಾನು ಒಮ್ಮೆಯೂ ಅವರ ಪಕ್ಕದಲ್ಲಿ ಕೂತಿರಲಿಲ್ಲ. ಸೋಮವಾರ ಬೆಳಗ್ಗೆ ಹತ್ತಕ್ಕೆ ಬಂದರೆ ಮಧ್ಯಾಹ್ನದವರೆಗೆ ಕೂರಬಹುದು ಎಂದಿದ್ದಾರೆ. ನೆರೆಮನೆಯವರ ಸಂಖ್ಯೆ ಬರೆಸಿದ್ದ ಇಬ್ಬರು ಅಜ್ಜಿಯರು ಆ ದಿನ ಮತ್ತೆ ಅರ್ಜಿ ಹಾಕಲು ಬರುತ್ತಾರಂತೆ. ಅಚ್ಚುಮೊಳೆಯವರ ಮಾತು ಕೇಳಿದ ಮೇಲೆ, ಕಂಪ್ಯೂಟರ್ ಬೇಡ, ರಟ್ಟು, ಕತ್ತರಿ ಮತ್ತು ದಪ್ಪ ಪೆನ್ನು ಹಿಡಿದು ಹೋಗುತ್ತಿದ್ದೇನೆ.